ಗುರುಗಳ ಮ್ಯೂಚುವಲ್ ಟ್ರಾನ್ಸ್‌ಫರ್: ಗುಬ್ಬಿಗೆ ಬಂದವರು, ಬಾಸೆಲ್‌ಗೆ ಹೋದವರು

ಮೇಷ್ಟ್ರುಗಳಿರುವ ಮನೆಯಲ್ಲಿ ‘ಮ್ಯೂಚುವಲ್’ ಅನ್ನೋ ಮಾತು ಕೇಳದವರಿಲ್ಲ. ತುರುವೇಕೆರೆ ತಾಲ್ಲೂಕಿನ ಶಾಲೆಯ ಮೇಡಂಗೆ ಹಾಸನ ಬೇಕು. ಹಾಸನದ ಮೇಷ್ಟ್ರಿಗೆ ತಿಪಟೂರು ಕಡೆಗೆ ಬರಬೇಕು. ಇಬ್ಬರೂ ಒಪ್ಪಿ ಅರ್ಜಿ ಹಾಕಿದರೆ ಅವರ ಜಾಗಕ್ಕೆ ಇವರು, ಇವರ ಜಾಗಕ್ಕೆ ಅವರು. ಸರ್ಕಾರದ ಕಾಗದದಲ್ಲಿ ಇದಕ್ಕೆ ಪರಸ್ಪರ ವರ್ಗಾವಣೆ ಅಂತ ಹೆಸರು. ಇದರಲ್ಲಿ ಒಂದು ನ್ಯಾಯ ಇದೆ. ಇಬ್ಬರ ಹುದ್ದೆಯೂ ಒಂದೇ, ದರ್ಜೆಯೂ ಒಂದೇ. ಇಬ್ಬರೂ ತಾವಾಗಿ ಕೇಳಿದ್ದು. ಯಾರೂ ಯಾರಿಗೂ ಉಪಕಾರ ಮಾಡಿದ ಲೆಕ್ಕ ಇಲ್ಲ.

ಕ್ರೈಸ್ತ ಸಭೆಗಳಲ್ಲಿ ಪಾದ್ರಿಗಳೂ ಹೀಗೆ ಜಾಗ ಬದಲಿಸಿಕೊಳ್ಳುತ್ತಾರೆ, ಅದೂ ದೇಶದಿಂದ ದೇಶಕ್ಕೆ. ಅಮೆರಿಕದ ಒಂದು ಊರಿನ ಮೆಥಡಿಸ್ಟ್ ಪಾದ್ರಿ ಬೇಸಿಗೆಯಲ್ಲಿ ಕೆಲವು ವಾರ ಇಂಗ್ಲೆಂಡಿನ ಊರೊಂದಕ್ಕೆ ಹೋಗುತ್ತಾರೆ, ಅಲ್ಲಿನ ಪಾದ್ರಿ ಇಲ್ಲಿಗೆ ಬರುತ್ತಾರೆ. ಅವರ ಮನೆಯಲ್ಲಿ ಇವರ ಸಂಸಾರ, ಇವರ ಮನೆಯಲ್ಲಿ ಅವರ ಸಂಸಾರ. ಭಾನುವಾರದ ಪ್ರಸಂಗ ಹೇಳುವುದು, ಕಾಯಿಲೆಯವರನ್ನು ನೋಡಿ ಬರುವುದು, ಸತ್ತವರ ಮಣ್ಣಿಗೆ ಹೋಗುವುದು ಎಲ್ಲವೂ ಬಂದವರ ಕೆಲಸ. ಅವಧಿ ಮುಗಿದ ಮೇಲೆ ಅವರವರ ಊರಿಗೆ ಅವರವರು.

ನಮ್ಮ ಕನ್ನಡ ನಾಡಿನಲ್ಲೂ ಹೊರದೇಶದ ಪಾದ್ರಿಗಳು ಬಂದು ಹೋಗಿ ಮಾಡಲು ಶುರುವಾಗಿ ಇನ್ನೂರು ವರ್ಷ ದಾಟಿದೆ. ಹಾಗಾದರೆ ಇಲ್ಲಿ ನಡೆದದ್ದು ಮ್ಯೂಚುವಲ್ಲೋ, ಒಂದೇ ಕಡೆಯ ವರ್ಗಾವಣೆಯೋ? ನಮ್ಮ ಮಗ್ಗುಲಿನ ಗುಬ್ಬಿಯಿಂದಲೇ ಈ ಲೆಕ್ಕ ಶುರು ಮಾಡಬಹುದು.

ಗುಬ್ಬಿಗೆ ಬಂದ ಇಪ್ಪತ್ತರ ಹುಡುಗ

ಸಂಪಿಗೆ ರೋಡ್ ಸ್ಟೇಷನ್ನಿನಲ್ಲಿ ತುಮಕೂರು ಕಡೆಯ ರೈಲು ಹತ್ತಿದರೆ ನಿಟ್ಟೂರು ಕಳೆದ ಮೇಲೆ ಗುಬ್ಬಿ. ಗುಬ್ಬಿ ಅಂದರೆ ನಮಗೆ ಚನ್ನಬಸವೇಶ್ವರ ಜಾತ್ರೆ, ಅಡಿಕೆ ವ್ಯಾಪಾರ, ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತವೆ. ರೈಲೂ ಇರದ, ವೀರಣ್ಣನವರ ಕಂಪನಿಯೂ ಹುಟ್ಟದ ಕಾಲದಲ್ಲಿ, 1839ರಲ್ಲಿ, ಈ ಊರಿಗೆ ಐರ್ಲೆಂಡ್‌ನಿಂದ ಒಬ್ಬ ಯುವಕ ಬಂದರು. ಹೆಸರು ವಿಲಿಯಂ ಆರ್ಥರ್. ವಯಸ್ಸು ಇಪ್ಪತ್ತು. ವೆಸ್ಲಿಯನ್ ಮಿಶನ್ ಅವರನ್ನು ಕಳಿಸಿತ್ತು. ಅದೇ ಮಿಶನ್ನಿನ ಹಿರಿಯರಾದ ಥಾಮಸ್ ಹಾಡ್ಸನ್ ಆಗ ಗುಬ್ಬಿಯಲ್ಲಿ ನೆಲೆ ಮಾಡುತ್ತಿದ್ದರು.

ಕಾಲ ಹೇಗಿತ್ತು ನೋಡಿ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ ಬ್ರಿಟಿಷರು ಮೈಸೂರು ಸೀಮೆಯನ್ನು ಕಮಿಷನರ್ ಮೂಲಕ ಆಳುತ್ತಿದ್ದರು. ಕಮಿಷನರ್ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕ್ ಇರುವುದು ಅವರ ಹೆಸರಿನಲ್ಲೇ. ಅಂಥ ಕಾಲದಲ್ಲಿ ಬಿಳಿಯ ಪಾದ್ರಿಯೊಬ್ಬ ಗುಬ್ಬಿ ಸಂತೆಯಲ್ಲಿ ನಿಂತರೆ, ಆತ ಎಷ್ಟೇ ಮೆತ್ತಗೆ ಮಾತಾಡಲಿ, ಜನಕ್ಕೆ ಅವನ ಬೆನ್ನ ಹಿಂದೆ ಕಚೇರಿ ಕಾಣುತ್ತಿತ್ತು. ಅದು ಆತನ ತಪ್ಪು ಅಂತಲ್ಲ, ಕಾಲವೇ ಹಾಗಿತ್ತು.

ಆರ್ಥರ್ ಕನ್ನಡ ಕಲಿತರು, ಜನರ ನಡುವೆ ಪ್ರಸಂಗ ಮಾಡಿದರು. ಆದರೆ ಆರೋಗ್ಯ ಕೆಟ್ಟಿತು, ಕಣ್ಣು ತೊಂದರೆ ಕೊಟ್ಟವು. 1841ರಲ್ಲಿ ವಾಪಸು ಹೊರಟರು. ಎರಡು ವರ್ಷದ ಅನುಭವವನ್ನು ಇಟ್ಟುಕೊಂಡು 1847ರಲ್ಲಿ ‘ಮೈಸೂರಿಗೊಂದು ಮಿಶನ್’ ಎಂಬರ್ಥದ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಬರೆದರು. ಇಂಗ್ಲೆಂಡಿನ ಓದುಗರು ಗುಬ್ಬಿ ಎಂಬ ಊರಿನ ಹೆಸರು ಕೇಳಿದ್ದು ಇಂಥ ಪುಸ್ತಕಗಳಿಂದ. ಆಮೇಲೆ 1866ರಲ್ಲಿ ಅವರು ಬ್ರಿಟನ್ನಿನ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರೇ ಆದರು.

ಹಾಡ್ಸನ್ ಹಾಗಲ್ಲ, ಅವರದು ದೀರ್ಘ ವಾಸ. ಕನ್ನಡ ಕಲಿಯಲು ಬರುವ ಇಂಗ್ಲಿಷರಿಗಾಗಿ ವ್ಯಾಕರಣವನ್ನೂ ಬರೆದರು.

ವೆಸ್ಲಿಯನ್ನರಲ್ಲಿ ವರ್ಗಾವಣೆ ಅನ್ನುವುದು ಹೊಸದಲ್ಲ. ಆ ಕಾಲದಲ್ಲಿ ಅವರ ದೇಶದೊಳಗೆ ಒಬ್ಬ ಪಾದ್ರಿ ಒಂದೇ ಕಡೆ ಮೂರು ವರ್ಷಕ್ಕಿಂತ ಹೆಚ್ಚು ಇರುವಂತಿರಲಿಲ್ಲ. ಸರ್ಕಾರಿ ನೌಕರರಂತೆ ಗಂಟುಮೂಟೆ ಕಟ್ಟಿ ಮುಂದಿನ ಊರಿಗೆ ಹೊರಡಬೇಕು. ಆದರೂ ಗುಬ್ಬಿಯ ಮಟ್ಟಿಗೆ ಆ ವರ್ಗಾವಣೆ ಒಂದೇ ದಿಕ್ಕಿನದು. ಲಂಡನ್ನಿನವರು ಗುಬ್ಬಿಗೆ ಬರಬಹುದು. ಗುಬ್ಬಿಯವರು ಲಂಡನ್ನಿನ ಸಭೆಗೆ ಗುರುವಾಗಿ ಹೋಗಬಹುದು ಎಂಬ ಯೋಚನೆಯೇ ಯಾರ ತಲೆಯಲ್ಲೂ ಇರಲಿಲ್ಲ. ಬಂದ ಹಡಗಿನಲ್ಲಿ ಹಿಂದಿರುಗುತ್ತಿದ್ದವರು ಬಂದವರೇ.

ಮಂಗಳೂರಿನ ದಾರಿ

ಇದಕ್ಕೆ ಒಂದು ಅಪವಾದ ನಡೆಯಿತು. ಅದು ನಡೆದದ್ದು ಘಟ್ಟದ ಕೆಳಗೆ, ಮಂಗಳೂರಿನಲ್ಲಿ.

ಈಸ್ಟ್ ಇಂಡಿಯಾ ಕಂಪನಿಗೆ ಮೊದಮೊದಲು ಮಿಶನರಿಗಳೆಂದರೆ ಆಗುತ್ತಿರಲಿಲ್ಲ. ಧರ್ಮದ ಗಲಾಟೆ ಎದ್ದರೆ ವ್ಯಾಪಾರ ಕೆಡುತ್ತದೆ ಅನ್ನುವ ಭಯ. 1813ರ ಕಾನೂನು ಬ್ರಿಟಿಷ್ ಮಿಶನರಿಗಳಿಗೆ ಬಾಗಿಲು ತೆರೆಯಿತು. 1833ರ ಕಾನೂನು ಬೇರೆ ದೇಶದವರಿಗೂ ತೆರೆಯಿತು. ಮರು ವರ್ಷವೇ, 1834ರ ಅಕ್ಟೋಬರ್‌ನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಶನ್ನಿನಿಂದ ಮೂವರು ಮಂಗಳೂರಿಗೆ ಬಂದಿಳಿದರು: ಹೆಬಿಕ್, ಲೆನರ್, ಗ್ರೈನರ್. ಊರು ಸ್ವಿಸ್ಸರದ್ದಾದರೂ ಆ ಮಿಶನ್ನಿನಿಂದ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯವರು.

ಬಾಸೆಲ್ ಮಿಶನ್ ಎಂದರೆ ನಮಗೇನು ಸಂಬಂಧ ಅನ್ನಬೇಡಿ. ತಲೆ ಎತ್ತಿ ಹಳೆಯ ಮನೆಯ ಸೂರು ನೋಡಿ. ನಮ್ಮ ತೆಂಗಿನ ಸೀಮೆಯ ಅದೆಷ್ಟೋ ಮನೆಗಳ ಮೇಲಿರುವ ಮಂಗಳೂರು ಹೆಂಚಿನ ಮೂಲ ಅವರ ಕಾರ್ಖಾನೆ. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನ್ನಿನ ಕೆಲಸಗಾರ 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು.

ಇನ್ನೂ ಒಂದು ನಂಟಿದೆ. ಅದು ಪತ್ರಿಕೋದ್ಯಮ ಓದಿದ ನಮಗೆ ಹತ್ತಿರದ್ದು. ಪ್ರತಿ ವರ್ಷ ಜುಲೈ 1ಕ್ಕೆ ತಾಲ್ಲೂಕು ತಾಲ್ಲೂಕಿನಲ್ಲೂ ಪತ್ರಿಕಾ ದಿನಾಚರಣೆ ಮಾಡುತ್ತೇವಲ್ಲ, ಅದು 1843ರ ಜುಲೈ 1ರ ನೆನಪು. ಅವತ್ತು ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಕಲ್ಲಚ್ಚಿನಲ್ಲಿ ಮುದ್ರಿಸಿ, ಹದಿನೈದು ದಿನಕ್ಕೊಮ್ಮೆ ಕೊಡುತ್ತಿದ್ದ ಪತ್ರಿಕೆ. ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ. ಮಂಗಳೂರಿಗೆ ಬಂದದ್ದು 1836ರಲ್ಲಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹಡಗು ಇಡೀ ಆಫ್ರಿಕಾ ಖಂಡವನ್ನು ಬಳಸಿ ಬರಬೇಕಿತ್ತು. ಪ್ರಯಾಣವೇ ತಿಂಗಳುಗಟ್ಟಲೆ. ಹಾಗೆ ಬಂದವರು ಎರಡು ವರ್ಷಕ್ಕೆ ವಾಪಸು ಹೋಗುವ ಲೆಕ್ಕ ಹಾಕುತ್ತಿರಲಿಲ್ಲ.

ಮೋಗ್ಲಿಂಗ್ ಕನ್ನಡವನ್ನು ಬರೀ ಪ್ರಸಂಗ ಹೇಳಲು ಕಲಿಯಲಿಲ್ಲ. ಹಳೆಯ ಓಲೆಗರಿಗಳನ್ನು ಹುಡುಕಿಸಿದರು. ಹಿಂದೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಕಾಸಾಮೇಜರ್ ಹಣದ ಸಹಾಯ ಮಾಡಿದರು. 1848ರಿಂದ 1853ರವರೆಗೆ ಒಂದು ಮಾಲೆಯಾಗಿ ಜೈಮಿನಿ ಭಾರತ, ಬಸವ ಪುರಾಣ, ಚನ್ನಬಸವ ಪುರಾಣ, ದಾಸರ ಪದಗಳು ಮುಂತಾದವು ಅಚ್ಚಾದವು. ಒಬ್ಬ ಪಾದ್ರಿ ಬಸವ ಪುರಾಣವನ್ನು ಅಚ್ಚು ಹಾಕಿಸಿದ್ದು ಯಾಕೆ ಅಂತ ಕೇಳಬಹುದು. ಜನರನ್ನು ಅರಿಯದೆ ಅವರೊಡನೆ ಮಾತಾಡಲು ಆಗದು ಅನ್ನುವುದು ಅವರ ಲೆಕ್ಕ. ಮತಾಂತರದ ಉದ್ದೇಶ ಅವರಿಗಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೇ ಅವರು ಬಂದದ್ದು. ಆದರೆ ಬಂದ ಕೆಲಸದ ಜೊತೆಗೆ ಆದ ಈ ಇನ್ನೊಂದು ಕೆಲಸ ಎಲ್ಲ ಕನ್ನಡಿಗರಿಗೂ ದಕ್ಕಿತು.

ಅತ್ತ ಹೋದ ಮೊದಲಿಗ

ಮಿಶನ್ ಮಂಗಳೂರಿನಲ್ಲಿ ಒಂದು ಇಂಗ್ಲಿಷ್ ಶಾಲೆ ನಡೆಸುತ್ತಿತ್ತು. ಸರ್ಕಾರಿ ಕೆಲಸದ ಆಸೆಗೆ ಮೇಲ್ಜಾತಿಯ ಮಕ್ಕಳೂ ಅಲ್ಲಿಗೆ ಬರುತ್ತಿದ್ದರು. ಅಂಥವರಲ್ಲಿ 1825ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಒಬ್ಬರು. 1844ರ ಜನವರಿಯಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಮಂಗಳೂರಿನಲ್ಲಿ ಗದ್ದಲವೋ ಗದ್ದಲ. ಆನಂದರಾವ್ ಎಂಬ ತಮ್ಮ ಹೆಸರನ್ನು ಬಿಡದೆ, ಮುಂದಕ್ಕೆ ಗುರುವಿನ ಹೆಸರು ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು.

ಆ ಕಾಲದಲ್ಲಿ ಇದಕ್ಕೆ ತೆರಬೇಕಿದ್ದ ಬೆಲೆ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜಾತಿಯಿಂದ ಹೊರಗೆ, ಮನೆಯಿಂದ ಹೊರಗೆ. ಹಬ್ಬದ ದಿನ ಎಲೆ ಹಾಕುವವರಿಲ್ಲ. ಬಂಧುಗಳ ಪಾಲಿಗೆ ಬದುಕಿದ್ದೂ ಸತ್ತಂತೆ.

ಅದಾದ ಮೇಲೆ ಇನ್ನೊಂದು ಗೆರೆ ದಾಟಿದರು. ಸಮುದ್ರ ದಾಟುವುದೇ ದೋಷ ಎನ್ನುವ ಮನೆತನದಿಂದ ಬಂದ ಕೌಂಡಿನ್ಯ, ಮೋಗ್ಲಿಂಗ್ ಜೊತೆ ಹಡಗು ಹತ್ತಿ ಯೂರೋಪಿಗೆ ಹೋದರು. 1846ರಿಂದ 1851ರವರೆಗೆ ಐದು ವರ್ಷ ಬಾಸೆಲ್‌ನ ಮಿಶನ್ ಶಾಲೆಯಲ್ಲಿ, ಜರ್ಮನ್ ಹುಡುಗರ ಪಕ್ಕದಲ್ಲಿ ಕೂತು ಓದಿದರು. ಊಟ, ಚಳಿ, ಭಾಷೆ ಎಲ್ಲ ಬೇರೆ. ಓದು ಮುಗಿಸಿ ಗುರುದೀಕ್ಷೆ ಪಡೆದು ಊರಿಗೆ ಹಿಂದಿರುಗಿದರು.

ಗಮನಿಸಬೇಕಾದ ಮಾತು ಇದು. ಮಿಶನ್ನಿನಲ್ಲಿ ಅದುವರೆಗೆ ಭಾರತೀಯರು ಉಪದೇಶಿ, ಶಾಲಾ ಮೇಷ್ಟ್ರು, ಸಹಾಯಕ ಆಗಿರುತ್ತಿದ್ದರು. ಕೌಂಡಿನ್ಯ ಬಂದದ್ದು ಸಹಾಯಕರಾಗಿ ಅಲ್ಲ. ಯೂರೋಪಿನ ಮಿಶನರಿಗಳ ಸರಿಸಮಾನ ಮಿಶನರಿಯಾಗಿ ಬಂದರು. ಮೇಷ್ಟ್ರುಗಳ ಮ್ಯೂಚುವಲ್‌ನಲ್ಲಿ ಹೇಳಿದೆವಲ್ಲ, ಹುದ್ದೆ ಒಂದೇ ದರ್ಜೆಯಾಗಿರಬೇಕು ಅಂತ. ಕನ್ನಡ ನಾಡಿನಲ್ಲಿ ಆ ದರ್ಜೆ ಮೊದಲ ಸಲ ಸರಿಹೋದದ್ದು ಈ ಒಬ್ಬ ವ್ಯಕ್ತಿಯಲ್ಲಿ.

1860ರಲ್ಲಿ ಕೌಂಡಿನ್ಯ ಜರ್ಮನಿಯ ಮರಿಯ ರೈನ್‌ಹಾರ್ಟ್ ಎಂಬುವರನ್ನು ಮದುವೆಯಾದರು. ಬಿಳಿಯರು ಆಳುತ್ತಿದ್ದ, 1857ರ ದಂಗೆಯ ಬಿಸಿ ಇನ್ನೂ ಆರದ ಕಾಲದಲ್ಲಿ ಭಾರತೀಯ ಪಾದ್ರಿಗೆ ಜರ್ಮನ್ ಹೆಂಡತಿ. ಇವತ್ತಿಗೂ ಪಕ್ಕದ ಬೀದಿಯ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದರೆ ಪಂಚಾಯ್ತಿ ಸೇರುತ್ತದೆ. ನೂರ ಅರವತ್ತು ವರ್ಷದ ಹಿಂದೆ ಅದು ಎಂಥ ಮದುವೆ ಆಗಿರಬೇಕು ನೀವೇ ಊಹಿಸಿ.

ಕೊಡಗಿನಲ್ಲಿ ಒಂದು ಊರು

ಅಷ್ಟರಲ್ಲಿ ಮೋಗ್ಲಿಂಗ್ ಕೆಲಸ ಘಟ್ಟ ಹತ್ತಿತ್ತು. 1853ರ ಹೊತ್ತಿಗೆ ಅವರು ಕೊಡಗು ಸೇರಿದರು. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು. ಕೌಂಡಿನ್ಯರೂ ಅಲ್ಲಿನ ಕೆಲಸಕ್ಕೆ ಕೈ ಹಾಕಿದರು.

ಕೊಡಗಿನಲ್ಲಿ ಆಗ, ಈಗ ನಾವು ದಲಿತರೆನ್ನುವ ಕುಟುಂಬಗಳು ತಲೆಮಾರುಗಳಿಂದ ಜೀತದಲ್ಲಿದ್ದವು. ಗದ್ದೆಯ ಜೊತೆಗೆ ಆಳೂ ಒಡೆಯನ ಸೊತ್ತು. ಗುಲಾಮಗಿರಿಗೆ ಕಾನೂನಿನ ಬಲ ಇಲ್ಲ ಎಂದು ಕಂಪನಿ ಸರ್ಕಾರ 1843ರಲ್ಲಿ ಕಾಯಿದೆ ಮಾಡಿತ್ತು. ಆದರೆ ಕಾಯಿದೆ ಹೇಳಿದ ಮಾತ್ರಕ್ಕೆ ಜೀತಗಾರನಿಗೆ ನಿಲ್ಲಲು ನೆಲ ಸಿಗುವುದಿಲ್ಲ. ಅಮ್ಮತ್ತಿ ಹತ್ತಿರ ಜಮೀನು ಮಾಡಿ, ಅಂಥ ಕುಟುಂಬಗಳು ನೆಲೆ ನಿಲ್ಲಲು ಒಂದು ಊರು ಕಟ್ಟಿದರು. ಆ ಊರಿನ ಹೆಸರು ಆನಂದಪುರ. ಆನಂದರಾವ್ ಅವರ ಹೆಸರಿನ ಆ ಊರು ಇವತ್ತಿಗೂ ಇದೆ, ಅಲ್ಲಿ ಚರ್ಚೂ ಇದೆ.

ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಬಾಸೆಲ್‌ನಲ್ಲಿ ಓದಿ, ಕೊನೆಗೆ ಜೀತದಿಂದ ಬಂದವರ ಸಭೆಗೆ ಪಾಲಕರಾಗಿ ನಿಂತರು. ಅವರು ದಾಟಿದ ದೂರದಲ್ಲಿ ಮಂಗಳೂರಿನಿಂದ ಬಾಸೆಲ್ ದೊಡ್ಡದೋ, ಅಗ್ರಹಾರದಿಂದ ಆನಂದಪುರ ದೊಡ್ಡದೋ ಹೇಳುವುದು ಕಷ್ಟ.

1860ರಲ್ಲಿ ಮೋಗ್ಲಿಂಗ್ ಭಾರತ ಬಿಟ್ಟರು, ಮತ್ತೆ ಬರಲಿಲ್ಲ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡದ ಕೆಲಸಕ್ಕೆ ಡಾಕ್ಟರೇಟ್ ಕೊಟ್ಟಿತ್ತು. 1881ರಲ್ಲಿ ಜರ್ಮನಿಯ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಕೌಂಡಿನ್ಯ ಇಲ್ಲೇ ಇದ್ದರು, 1893ರವರೆಗೂ. ಅವರು ತೀರಿಕೊಂಡ ಮರುವರ್ಷ, 1894ರಲ್ಲಿ, ಅದೇ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ ಅವರ ದೊಡ್ಡ ಕನ್ನಡ ನಿಘಂಟು ಅಚ್ಚಾಗಿ ಬಂತು.

ಲೆಕ್ಕ ಸರಿಹೋಯಿತೇ?

ಮೇಲುನೋಟಕ್ಕೆ ಇದು ಒಳ್ಳೆಯ ಮ್ಯೂಚುವಲ್. ಅಲ್ಲಿಂದ ಒಬ್ಬರು ಬಂದರು, ಇಲ್ಲಿಂದ ಒಬ್ಬರು ಹೋದರು. ಆದರೆ ಚೂರು ಕೆದಕಿದರೆ ತಕ್ಕಡಿ ವಾಲುವುದು ಕಾಣುತ್ತದೆ.

ಮೋಗ್ಲಿಂಗ್ ಇಲ್ಲಿಗೆ ಬಂದದ್ದು ಕಲಿಸಲು. ಕೌಂಡಿನ್ಯ ಅಲ್ಲಿಗೆ ಹೋದದ್ದು ಕಲಿಯಲು. ಬಂದವರಿಗೆ ತಮ್ಮ ಮನೆಮಠ, ಊರು, ಗೌರವ ಹಾಗೇ ಕಾದಿದ್ದವು. ಬಯಸಿದಾಗ ಹಿಂದಿರುಗಬಹುದಿತ್ತು, ಹಿಂದಿರುಗಿದರು. ಹೋದವರಿಗೆ ಹೊರಡುವ ಮೊದಲೇ ತಾನು ಹುಟ್ಟಿದ ಮನೆಯ ಬಾಗಿಲು ಮುಚ್ಚಿತ್ತು. ಬಾಸೆಲ್ ಊರಿನ ಯಾವುದೇ ಸಭೆ ‘ನಮಗೆ ಒಬ್ಬ ಕನ್ನಡದ ಪಾಲಕ ಬೇಕು’ ಅಂತ ಕೇಳಿ ಅವರನ್ನು ಕರೆಸಿಕೊಂಡದ್ದಲ್ಲ. ತಯಾರಾಗಿದ್ದು ಅಲ್ಲಿ, ಕೆಲಸ ಇಲ್ಲಿ. ಹಣ ಅಲ್ಲಿಯದು, ತೀರ್ಮಾನ ಅಲ್ಲಿನ ಸಮಿತಿಯದು.

ಇನ್ನೂ ಒಂದು. ಕೌಂಡಿನ್ಯರ ಹಾಗೆ ಸರಿಸಮಾನ ಮಿಶನರಿಯಾಗಿ ಬಂದ ಭಾರತೀಯರ ಸಾಲು ಆಮೇಲೆ ಬೆಳೆಯಲಿಲ್ಲ. ತೆರೆದ ಬಾಗಿಲಿನಲ್ಲಿ ಒಬ್ಬರು ಒಳಗೆ ಹೋದರು, ಅಷ್ಟೇ.

ಹೀಗೆಂದು ಕೌಂಡಿನ್ಯರನ್ನು ಬಲಿಪಶು ಅಂತ ನೋಡುವುದೂ ತಪ್ಪು. ಹತ್ತೊಂಬತ್ತನೇ ವಯಸ್ಸಿನಲ್ಲಿ ತಮ್ಮ ದಾರಿಯನ್ನು ತಾವೇ ಆರಿಸಿ, ಅದರ ಕಷ್ಟವನ್ನು ಅನುಭವಿಸಿ, ಕೊನೆಯವರೆಗೂ ಅದರಲ್ಲೇ ನಡೆದ ಮನುಷ್ಯ ಅವರು.

“ಯಜಮಾನರಲ್ಲ, ಸ್ನೇಹಿತರು ಬೇಕು”

ಈ ತಕ್ಕಡಿಯ ಮಾತನ್ನು ಮುಖಕ್ಕೆ ಮುಖ ಕೊಟ್ಟು ಹೇಳಿದ ಭಾರತೀಯರೊಬ್ಬರಿದ್ದಾರೆ. ತಮಿಳುನಾಡಿನ ವಿ. ಎಸ್. ಅಜರಯ್ಯ. 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ರಪಂಚದ ಪ್ರಾಟೆಸ್ಟಂಟ್ ಮಿಶನ್ನುಗಳ ದೊಡ್ಡ ಸಮ್ಮೇಳನ ಸೇರಿತ್ತು. ಸುಮಾರು 1,200 ಪ್ರತಿನಿಧಿಗಳು. ಅವರಲ್ಲಿ ಏಷ್ಯಾದವರು ಇಪ್ಪತ್ತಕ್ಕೂ ಕಡಿಮೆ. ಆ ಸಭೆಯಲ್ಲಿ ಎದ್ದುನಿಂತ ಅಜರಯ್ಯ ಹೇಳಿದ ಮಾತಿನ ಸಾರ ಇಷ್ಟು: ನೀವು ನಮಗಾಗಿ ಹಣ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ಅದನ್ನು ಮರೆಯುವುದಿಲ್ಲ. ಆದರೆ ನಮ್ಮನ್ನು ಸಮಾನವಾಗಿ ಕಂಡು ಪ್ರೀತಿಸುವ ಸ್ನೇಹಿತರನ್ನು ಕೊಡಿ. ಕೇಳಿದ ಕೆಲವರಿಗೆ ಇದು ಕಹಿಯಾಯಿತು. ಎರಡು ವರ್ಷದ ನಂತರ, 1912ರಲ್ಲಿ, ಅದೇ ಅಜರಯ್ಯ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು.

ಮಾತಿನಿಂದ ಆಗದ ಬದಲಾವಣೆಯನ್ನು ಯುದ್ಧ ಮಾಡಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಇಂಡಿಯಾದಲ್ಲಿದ್ದ ಜರ್ಮನ್ನರೆಲ್ಲ ಶತ್ರು ದೇಶದ ಪ್ರಜೆಗಳಾದರು. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳೂ ಅದರಲ್ಲಿ ಸೇರಿದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿ ಹಾಕಿದರು, ಆಮೇಲೆ ಹಡಗು ಹತ್ತಿಸಿ ಊರಿಗೆ ಕಳಿಸಿದರು. ಎಂಬತ್ತು ವರ್ಷ ನಡೆಸಿಕೊಂಡು ಬಂದ ಸಭೆಗಳ ಪೀಠ ಇದ್ದಕ್ಕಿದ್ದಂತೆ ಖಾಲಿಯಾಯಿತು. ಹೆಂಚಿನ ಕಾರ್ಖಾನೆಗಳೂ ಕೈ ಬದಲಿಸಿದವು.

ಭಾನುವಾರ ಬಂದರೆ ಪ್ರಸಂಗ ಹೇಳುವವರು ಯಾರು? ಇಲ್ಲಿನ ಪಾಲಕರು ಹೇಳಿದರು. ಮೊದಲೂ ಅವರಿದ್ದರು, ಎರಡನೇ ಸಾಲಿನಲ್ಲಿ. ಈಗ ಮೊದಲ ಸಾಲಿಗೆ ಬರಲೇಬೇಕಾಯಿತು.

ಆ ತಲೆಮಾರಿನ ಒಬ್ಬರ ಹೆಸರು ಹೇಳಿದರೆ ಸಾಕು: ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಉತ್ತರ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳಲ್ಲಿ ಕೆಲಸ ಮಾಡುತ್ತಲೇ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ನಮ್ಮ ಅಜ್ಜಂದಿರು ಸಂತೆಯಲ್ಲಿ, ಸಾಲುಮರದ ನೆರಳಲ್ಲಿ ಆಡುತ್ತಿದ್ದ ತ್ರಿಪದಿಗಳು ಪುಸ್ತಕವಾಗಿ ಉಳಿದದ್ದರಲ್ಲಿ ಈ ಪಾದ್ರಿಯ ಪಾಲು ದೊಡ್ಡದು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮೋಗ್ಲಿಂಗ್ ಹೊರಗಿನಿಂದ ಬಂದು ಮಾಡಿದ ಕೆಲಸವನ್ನು ಉತ್ತಂಗಿಯವರು ಒಳಗಿನಿಂದ ಮಾಡಿದರು. ಅವರಿಗೆ ಕನ್ನಡ ಕಲಿಯುವ ಅಗತ್ಯ ಇರಲಿಲ್ಲ, ಅದು ತಾಯಿಯ ಮಾತು.

ಮೈಸೂರಿನಲ್ಲಿ ಕುರ್ಚಿ ತಿರುಗಿತು

ಮತ್ತೆ ನಮ್ಮ ಸೀಮೆಗೆ ಬರೋಣ. ಸ್ವಾತಂತ್ರ್ಯ ಬಂದು ಒಂದು ತಿಂಗಳು ಕಳೆದು, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಂದು ಹೊರದೇಶದ ಜಗಳಗಳಿಂದ ಬೇರೆಯಾಗಿದ್ದ ಸಭೆಗಳು ಇಲ್ಲಿ ಒಂದಾದವು. ಊರಿನವರು ಇದನ್ನು ಸಿಎಸ್‌ಐ ಅನ್ನುತ್ತಾರೆ. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳೂ ಅದರೊಳಗೆ ಬಂದವು. ಗುಬ್ಬಿಯ ಹಳೆಯ ಕಥೆಯೂ ಅಲ್ಲಿಗೆ ಒಂದು ಪುಟ ತಿರುಗಿಸಿತು. ಈಗ ತುಮಕೂರು ಕಡೆಯ ಸಿಎಸ್‌ಐ ಸಭೆಗಳು ಬೆಂಗಳೂರಿನಲ್ಲಿ ಕೇಂದ್ರವಿರುವ ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರುತ್ತವೆ.

ಆಗ ಮೈಸೂರು ಸಭಾಪ್ರಾಂತದ ಮೊದಲ ಬಿಷಪ್ ಆದವರು ಪಿ. ಗುರುಶಾಂತ. ಹೆಸರಿನಲ್ಲೇ ನಮ್ಮ ನೆಲದ ವಾಸನೆ ಇದೆ. ಅವರ ನಂತರ 1951ರಲ್ಲಿ ಬಂದವರು ಇಂಗ್ಲೆಂಡಿನ ನಾರ್ಮನ್ ಸಾರ್ಜೆಂಟ್. ಅಯ್ಯೋ, ಮತ್ತೆ ಬಿಳಿಯರೇ ಅಂತ ಅನ್ನಿಸಬಹುದು. ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ. ವಿಲಿಯಂ ಆರ್ಥರ್ ಅವರನ್ನು ಗುಬ್ಬಿಗೆ ಕಳಿಸಿದ್ದು ಲಂಡನ್ನಿನ ಸಮಿತಿ. ಸಾರ್ಜೆಂಟ್ ಬಿಷಪ್ ಆದದ್ದು ಇಲ್ಲಿನ ಸಭೆಯ ನೇಮಕದಿಂದ. ಅವರು ಸೇವೆ ಮಾಡಿದ್ದು ಭಾರತದ ಸಭೆಯ ಕೈಕೆಳಗೆ, ಸ್ವತಂತ್ರ ಭಾರತದಲ್ಲಿ. 1931ರಿಂದಲೇ ಇಲ್ಲಿದ್ದು ಕನ್ನಡ ಬಲ್ಲವರಾಗಿದ್ದರು. ನಿವೃತ್ತಿಯಾದ ಮೇಲೆ ಇಂಗ್ಲೆಂಡಿಗೆ ಹೋಗಿ, ಕರ್ನಾಟಕದಲ್ಲಿ ಮಿಶನ್ ಹೇಗೆ ಸ್ಥಳೀಯ ಸಭೆಯಾಯಿತು ಅನ್ನುವ ಇತಿಹಾಸವನ್ನೇ ಬರೆದರು.

ಬಂದವರ ಬಣ್ಣ ಯಾವುದು ಅನ್ನುವುದಕ್ಕಿಂತ ಅವರನ್ನು ಕರೆದದ್ದು ಯಾರು, ಕಳಿಸುವ ಅಧಿಕಾರ ಯಾರದು ಅನ್ನುವುದು ಮುಖ್ಯ. ನೂರು ವರ್ಷದಲ್ಲಿ ಬದಲಾದದ್ದು ಅದೇ.

ಈಗ ಎದುರು ದಿಕ್ಕಿನ ಗಾಳಿ

ಇವತ್ತು ಗಾಳಿ ಎರಡೂ ಕಡೆ ಬೀಸುತ್ತಿದೆ. ಬಾಸೆಲ್‌ನ ಹಳೆಯ ಮಿಶನ್ 2001ರಿಂದ ‘ಮಿಶನ್ 21’ ಎಂಬ ಸಂಸ್ಥೆಯ ಭಾಗ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇ.ಎಂ.ಎಸ್. ಎಂಬ ಒಕ್ಕೂಟ ಇದೆ. ಸಿಎಸ್‌ಐ ಅದರ ಸದಸ್ಯ, ಅಂದರೆ ಮೇಜಿನ ಸುತ್ತ ಕೂರುವ ಹಕ್ಕುಳ್ಳ ಪಾಲುದಾರ. ಇಂಥ ಒಕ್ಕೂಟಗಳ ಮೂಲಕ ಅಲ್ಲಿಂದ ಇಲ್ಲಿಗೆ ಬರುವಂತೆ ಇಲ್ಲಿಂದ ಅಲ್ಲಿಗೂ ಪಾದ್ರಿಗಳು ಹೋಗಿ ಕೆಲಸ ಮಾಡುತ್ತಾರೆ. ಕ್ಯಾಥೊಲಿಕರಲ್ಲಂತೂ ಯೂರೋಪಿನಲ್ಲಿ ಪಾದ್ರಿಯಾಗಲು ಮುಂದೆ ಬರುವ ಹುಡುಗರು ಕಡಿಮೆಯಾಗಿ, ಕೇರಳ, ಮಂಗಳೂರು ಕಡೆಯ ಬಹಳ ಮಂದಿ ಗುರುಗಳು ಅಲ್ಲಿನ ಊರುಗಳ ಚರ್ಚುಗಳನ್ನು ನೋಡಿಕೊಳ್ಳುತ್ತಿದ್ದಾರೆ. ಜರ್ಮನಿಯ ಹಳ್ಳಿಯ ಮುದುಕಿಯೊಬ್ಬರ ಕೊನೆಗಾಲಕ್ಕೆ ಪಕ್ಕದಲ್ಲಿ ಕೂತು ಪ್ರಾರ್ಥನೆ ಹೇಳುವವರು ಭಾರತದ ಗುರು ಆಗಿರಬಹುದು. ಮೋಗ್ಲಿಂಗ್ ಕಾಲದಲ್ಲಿ ಯಾರೂ ಇದನ್ನು ನೆನೆಸಿರಲಿಲ್ಲ.

ಹಾಗಂತ ತಕ್ಕಡಿ ಪೂರ್ತಿ ಸಮ ಆಗಿದೆ ಅನ್ನುವಂತಿಲ್ಲ. ಹಣ ಇನ್ನೂ ಹೆಚ್ಚಾಗಿ ಆ ಕಡೆಯದೇ. ವೀಸಾ ಇನ್ನೊಂದು ಗೋಡೆ. ಹೊರದೇಶದವರು ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿ ಧರ್ಮಪ್ರಚಾರ ಮಾಡುವಂತಿಲ್ಲ, ಅದಕ್ಕೆ ಬೇರೆಯದೇ ಮಿಶನರಿ ವೀಸಾ ಬೇಕು. ಇಲ್ಲಿನವರು ಅಲ್ಲಿಗೆ ಹೋಗಬೇಕಾದರೂ ಕಾಗದ ಪತ್ರ, ಭಾಷಾ ಪರೀಕ್ಷೆ, ಕಾಯುವಿಕೆ ಇದ್ದದ್ದೇ.

ಇದು ಕ್ರೈಸ್ತರ ಮನೆಯ ವಿಷಯ ಮಾತ್ರ ಅಂದುಕೊಳ್ಳಬೇಡಿ. ಉಡುಪಿಯಲ್ಲಿ ಎಂಟು ಮಠದ ಯತಿಗಳು ಎರಡು ವರ್ಷಕ್ಕೊಮ್ಮೆ ಸರದಿಯಂತೆ ಕೃಷ್ಣನ ಪೂಜೆಯ ಪರ್ಯಾಯ ನಡೆಸುತ್ತಾರೆ. 2008ರ ಜನವರಿಯಲ್ಲಿ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರ ಸರದಿ ಬಂದಾಗ, ಅವರು ಸಮುದ್ರ ದಾಟಿ ಹೊರದೇಶಕ್ಕೆ ಹೋಗಿ ಬಂದವರು ಎಂಬ ಕಾರಣಕ್ಕೆ ದೊಡ್ಡ ಚರ್ಚೆಯಾಯಿತು. ವಿರೋಧದ ನಡುವೆಯೇ ಅವರು ಪೀಠ ಏರಿದರು. 2024ರ ಜನವರಿಯಲ್ಲಿ ಮತ್ತೆ ಅವರ ಪರ್ಯಾಯ ಬಂತು. ಹಡಗು ಹತ್ತಿದ ಕೌಂಡಿನ್ಯರ ಪ್ರಶ್ನೆ ನೂರ ಅರವತ್ತು ವರ್ಷದ ಮೇಲೆ ಬೇರೆ ಪೀಠದ ಮುಂದೆ, ಬೇರೆ ರೂಪದಲ್ಲಿ ನಿಂತಿತ್ತು. ನಮ್ಮ ಕಡೆಯ ಮಠಗಳ ಸ್ವಾಮಿಗಳೂ ಈಗ ವಿಮಾನದಲ್ಲಿ ಹೊರದೇಶಕ್ಕೆ ಹೋಗಿ ಅಲ್ಲಿನ ಕನ್ನಡಿಗರಿಗೆ ಪ್ರವಚನ ಹೇಳಿ ಬರುತ್ತಾರೆ. ಮಠದ ಭಕ್ತರು ಅದನ್ನು ಹೆಮ್ಮೆಯಿಂದ ವಾಟ್ಸಾಪ್‌ನಲ್ಲಿ ಹಂಚುತ್ತಾರೆ.

ನಮ್ಮೂರಿಗೆ ಒಂದು ಪ್ರಶ್ನೆ

ಹೋಗುವುದು ಸುಲಭವಾಗಿದೆ. ಆದರೆ ಮ್ಯೂಚುವಲ್ ಅಂದರೆ ಹೋಗುವುದು ಅರ್ಧ ಮಾತ್ರ. ಇನ್ನರ್ಧ, ನಮ್ಮ ಪೀಠದಲ್ಲಿ ಇನ್ನೊಬ್ಬರನ್ನು ಕೂರಿಸುವುದು.

ಹೊರದೇಶ ದೂರದ ಮಾತು, ಬಿಡಿ. ನಮ್ಮೂರ ದೇವಸ್ಥಾನದ ಅರ್ಚಕರು, ಮಠದ ಅಯ್ಯನವರು, ಮಸೀದಿಯ ಹಜರತರು, ಚರ್ಚಿನ ಪಾದ್ರಿಗಳು ಒಂದು ತಿಂಗಳ ಮಟ್ಟಿಗೆ ತಮ್ಮದೇ ಮತದ, ಆದರೆ ಬೇರೆ ಜಾತಿಯ, ಬೇರೆ ಕೇರಿಯ ಗುರುವಿನ ಜೊತೆ ಜಾಗ ಬದಲಿಸಿದರೆ ನಾವು ತೀರ್ಥ ತೆಗೆದುಕೊಳ್ಳಲು ಹೋಗುತ್ತೇವೆಯೇ? ಚರ್ಚಿನ ಒಳಗೂ ಜಾತಿ ಸತ್ತಿಲ್ಲ ಅಂತ ದಲಿತ ಕ್ರೈಸ್ತರು ಹೇಳುತ್ತಲೇ ಬಂದಿದ್ದಾರೆ. ಗುಬ್ಬಿಯಿಂದ ಲಂಡನ್ನಿಗೆ ಗುರು ಹೋಗಬಹುದು ಅಂತ ಅಂದು ಯಾರೂ ಯೋಚಿಸಲಿಲ್ಲ ಎಂದು ಬ್ರಿಟಿಷರನ್ನು ಬೈಯುವುದು ಸುಲಭ. ಮೇಲಿನ ಕೇರಿಗೆ ಕೆಳಗಿನ ಕೇರಿಯಿಂದ ಗುರು ಬರಬಹುದು ಅಂತ ನಾವು ಇನ್ನೂ ಯೋಚಿಸಿಲ್ಲ.

ಬರುವ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆಯ ವೇದಿಕೆಯ ಮೇಲೆ ಮೋಗ್ಲಿಂಗ್ ಅವರ ಫೋಟೋಗೆ ಹಾರ ಹಾಕುತ್ತೇವೆ. ಹಾಕಬೇಕಾದದ್ದೇ. ಅವತ್ತು ಪಕ್ಕದಲ್ಲಿ ಇನ್ನೊಂದು ಕುರ್ಚಿ ಇಟ್ಟು ಆನಂದರಾವ್ ಕೌಂಡಿನ್ಯರ ಹೆಸರನ್ನೂ ಒಂದು ಸಲ ಹೇಳಿದರೆ ಚೆನ್ನ. ಬಂದವರನ್ನು ನೆನೆಯುವ ಊರು ಹೋದವರನ್ನೂ ನೆನೆಯಬೇಕು.